ಬೀಗರು ಕೂರುವ ದೋಣಿ

ಮಾರಿಕಣಿವೆ ಅಣೆಕಟ್ಟು ತುಂಬಿ ಹಿನ್ನೀರು ಹೊಲದ ಬದುವಿಗೆ ಬಂದ ವರ್ಷ, ಹೊಸದುರ್ಗದಲ್ಲಿ ಹೆಡ್‌ಮಾಸ್ತರಾಗಿ ನಿವೃತ್ತಿಯಾಗಿ ತೋಟದ ಮನೆ ಸೇರಿದ್ದ ಮೂರ್ತಪ್ಪನವರಿಗೆ ದೋಣಿಯ ಹುಚ್ಚು ಹತ್ತಿತು. ಭಾನುವಾರ ಮನೆಮಂದಿಯೆಲ್ಲ ನೀರಿನ ಮೇಲೆ ಬುತ್ತಿ ಬಿಚ್ಚಿ ಉಣ್ಣಬೇಕು ಅನ್ನುವುದು ಅವರ ಆಸೆ.

ಹೆಂಡತಿ ಏಕಾಂತಮ್ಮನಿಗೆ ಬೇರೆಯೇ ಆಸೆ. ಅಕ್ಕ ಕಾಟಮ್ಮನ ಹಟ್ಟಿ ಎದುರು ದಡದಲ್ಲೇ ಇದೆ. ಅಲ್ಲಿ ಒಲೆ ಹೊತ್ತಿಸಿದರೆ ಹೊಗೆ ಇಲ್ಲಿಗೆ ಕಾಣುತ್ತದೆ. ಹೋಗಬೇಕೆಂದರೆ ಮಾತ್ರ ಎರಡು ಬಸ್ಸು ಬದಲಿಸಿ ಸುತ್ತಬೇಕು. ಮೊಣಕಾಲು ನೋವಿನ ಕಾಟಮ್ಮ ಬಸ್ಸು ಹತ್ತಿ ಮೂರು ವರ್ಷವಾಗಿತ್ತು.

“ಯಾವ್ದಾದ್ರೂ ತಗಳ್ರಿ, ಅಕ್ಕನ ದಡ ಮುಟ್ಟಿದ್ರೆ ಸಾಕು” ಎಂದು ಏಕಾಂತಮ್ಮ ಒಂದೇ ಸಲ ಹೇಳಿದ್ದರು. ಒಂದೇ ಸಲ ಹೇಳಿದ ಮಾತು ಆ ಮನೆಯಲ್ಲಿ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಹಿರಿಯೂರಿನ ದೋಣಿ ವ್ಯಾಪಾರಿ ಓಬಳೇಶಪ್ಪ, ಒಂದನ್ನು ಆರಿಸಿಕೊಳ್ಳಲೆಂದು ಎರಡು ಪಾಂಟೂನ್ ದೋಣಿ ತಂದು ದಡಕ್ಕೆ ಕಟ್ಟಿದ. ಗಾಳಿ ತುಂಬಿದ ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಅವುಗಳ ಮೇಲೊಂದು ಜಗುಲಿ, ಅಷ್ಟೇ. ದೊಡ್ಡದರಲ್ಲಿ ಮುಂದುಗಡೆ ಸೋಫಾ, ಮೇಲೆ ನೆರಳು, ಹಾಡಿನ ಪೆಟ್ಟಿಗೆ. ಚಿಕ್ಕದರಲ್ಲಿ ಸುತ್ತ ಬೆಂಚು. ಮುಂದಿನ ಬಾಗಿಲನ್ನು ಮಲಗಿಸಿದರೆ ಅದೇ ಹಲಗೆಯಾಗಿ ದಡಕ್ಕೆ ಚಾಚುತ್ತಿತ್ತು.

ಮೂರ್ತಪ್ಪನವರು ಗಂಡು ನೋಡಲು ಹೋದವರ ಹಾಗೆ ಎರಡನ್ನೂ ಸುತ್ತಿದರು. ಸ್ಟೇರಿಂಗು ಯಾವ ದಿಕ್ಕಿಗೆ, ಚಪ್ಪಲಿ ಎಲ್ಲಿ ಬಿಡೋದು ಎಂದೆಲ್ಲ ವಿಚಾರಿಸಿದರು. ಮಗ ಕಿರಣ್‌ಕುಮಾರ್ ಹಾಡಿನ ಪೆಟ್ಟಿಗೆಯನ್ನು ಬಿಟ್ಟು ಇನ್ನೇನನ್ನೂ ನೋಡಲಿಲ್ಲ. ಕೊನೆಗೆ ಎಲ್ಲ ಬಂದು ನಿಂತಿದ್ದು ಕಿರಣನಿಗೆ ಹೆಣ್ಣು ಕೊಟ್ಟ ಮಾವ, ತಾಳ್ಯದ ರಂಗಯ್ಯನವರ ಮೇಲೆ.

“ಬೀಗ್ರನ್ನ ಬೆಂಚಿನ ಮೇಲೆ ಕೂರ್ಸಾಕೆ ಇದೇನು ಬಸ್‌ಸ್ಟ್ಯಾಂಡೇನಪ್ಪ?” ಎಂದರು ಮೂರ್ತಪ್ಪನವರು. ದೊಡ್ಡ ದೋಣಿ ಗೆದ್ದಂತಾಯಿತು. ಪರೀಕ್ಷೆಗೆ ಬೀಗರನ್ನೇ ಕರೆಸಿದರು.

ಭಾನುವಾರ ರಂಗಯ್ಯನವರನ್ನು ಸೋಫಾದ ನಟ್ಟನಡುವೆ ಕೂರಿಸಿದರು. ಬೀಗರ ಸರಿಸಮ ಕೂರುವಂತಿಲ್ಲ, ಬೀಗರಿಗೆ ಬೆನ್ನು ತೋರಿಸುವಂತಿಲ್ಲ. ಹಾಗಾಗಿ ಮಿಕ್ಕ ಆರು ಜನ ಹಿಂದುಗಡೆ ಒತ್ತಿಕೊಂಡು ನಿಂತರು. ದೋಣಿಯ ಹಿಂಭಾಗ ತಗ್ಗಿ ನೀರು ಬುತ್ತಿಗಂಟಿನ ತನಕ ಬಂತು. ಸಮವಾಗಿ ಕೂರಿ ಎಂದು ಓಬಳೇಶಪ್ಪ ಬೇಡಿಕೊಂಡ. ಬನ್ನಿ ಬೀಗರೇ ಎಂದು ರಂಗಯ್ಯನವರೂ ಕರೆದರು.

“ಇರ್ಲಿ ಬೀಗ್ರೆ, ನೀವು ಆರಾಮಾಗಿ ಕುಂತ್ಕಳ್ರಿ” ಎನ್ನುತ್ತ ಮೂರ್ತಪ್ಪನವರು ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಮರ್ಯಾದೆ ಹೆಚ್ಚಿದಷ್ಟೂ ದೋಣಿ ಮುಳುಗುತ್ತಿತ್ತು.

ಎದುರು ದಡ ಮೂವತ್ತು ಅಡಿ ಇರುವಾಗಲೇ ಮೋಟರು ಕೆಸರಿಗೆ ಸಿಕ್ಕಿ ನಿಂತಿತು. ದಡದಲ್ಲಿ ಕಾಟಮ್ಮ ಕೋಲೂರಿ ನಿಂತಿದ್ದರು. ಹಿತಕಿದ ಅವರೆಕಾಳು ಸಾರಿನ ಘಮ ನೀರಿನ ಮೇಲೆ ಬರುತ್ತಿತ್ತು. ಪರೀಕ್ಷೆ ಮುಗೀತಲ್ಲ, ಕೈ ಬೀಸಿ ಹೊರಡೋಣ ಎಂದರು ಮೂರ್ತಪ್ಪನವರು.

ಏಕಾಂತಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಮೊಣಕಾಲಿನ ಮೇಲೆ ನೀರು. ಒಮ್ಮೆಯೂ ತಿರುಗದೆ ನಡೆದು ಅಕ್ಕನ ಪಕ್ಕ ನಿಂತು ಹೇಳಿದರು:

“ಯಾವ ದೋಣಿ ಈ ದಡ ಮುಟ್ತೈತೋ ಅದ್ರಾಗೆ ಬರ್ತೀನಿ. ಅಲ್ಲೀ ತನ್ಕ ಸೋಫಾ ಐತಲ್ಲ, ಕುಂತ್ಕಂಡು ಕಾಯ್ರಿ.”

ಓಬಳೇಶಪ್ಪನ ಹೆಂಡತಿ ಜಯಶೀಲಾ ಚಿಕ್ಕ ದೋಣಿಯನ್ನು ಹಿಂದೆಯೇ ನಡೆಸಿಕೊಂಡು ಬಂದಿದ್ದಳು. ಅದನ್ನು ದೊಡ್ಡದರ ಪಕ್ಕಕ್ಕೆ ತಂದು ನಿಲ್ಲಿಸಿದಳು. ಮೊದಲು ಎದ್ದವರು ರಂಗಯ್ಯನವರೇ.

“ಸಾರು ಆರೋಗ್ತೈತೆ, ಹೋಗಾಣ ಬರ್ರಿ ಬೀಗ್ರೆ” ಎಂದು ದಾಟಿ ಬೆಂಚಿನ ಮೇಲೆ ಕುಳಿತೇಬಿಟ್ಟರು.

ಬೀಗರೇ ಬೆಂಚಿಗೆ ಬಂದ ಮೇಲೆ ಉಳಿದವರಿಗೆ ಅಡ್ಡಿಯೇನು? ಎಲ್ಲರೂ ಸುತ್ತ ಕುಳಿತರು, ದೋಣಿ ತಟ್ಟೆಯ ಹಾಗೆ ಸಮವಾಗಿ, ಕೆಸರಿಗೆ ಸಿಗದೆ ದಡದ ಹತ್ತಿರ ಹೋಯಿತು. ಹಲಗೆ ಕೆಸರಿನಾಚೆ ಗಟ್ಟಿ ನೆಲ ಮುಟ್ಟಿತು. ಊಟವಾದ ಮೇಲೆ ಕಾಟಮ್ಮ ತಂಗಿಯ ಹೆಗಲು ಹಿಡಿದು ಅದೇ ಹಲಗೆ ಹತ್ತಿದರು.

ದೊಡ್ಡದರ ದಿಕ್ಕು ಸರಿಯಿರಲಿಲ್ಲ, ಅದಕ್ಕೇ ಚಿಕ್ಕದನ್ನು ಕೊಂಡೆ ಎಂದು ಮೂರ್ತಪ್ಪನವರು ಈಗಲೂ ಹೇಳುತ್ತಾರೆ. ಬೀಗರಿಗೆಂದು ನಡುವೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಕಟ್ಟಿಸಿದ್ದಾರೆ. ಬೀಗರು ಬರುವುದು ವರ್ಷಕ್ಕೊಮ್ಮೆ. ಪ್ರತಿ ಭಾನುವಾರ ಅದರಲ್ಲಿ ಕಾಲು ಚಾಚಿ ಕೂರುವವರು ಕಾಟಮ್ಮ.

“ಮೇಷ್ಟ್ರೇ, ಒಂಚೂರು ಸರ್ಕಳ್ರಿ. ನಮ್ಮ ಹಟ್ಟಿ ಕಾಣ್ತಿಲ್ಲ.”

ಮೇಷ್ಟ್ರು ಸರಿದು ಕೂರುತ್ತಾರೆ.