ಮರೆಪ್ಪನ ಗುಂಡಿಯಲ್ಲಿ ಸಾಕ್ಷಿ

ಮರೆಪ್ಪನ ಹೆಣ ಇಳಿಸಲು ಬಗ್ಗಿದವರು ಬಗ್ಗಿದಂತೆಯೇ ನಿಂತರು. ಗುಂಡಿಯ ನಟ್ಟನಡುವೆ ಮಣ್ಣಿನ ಕಂಬವೊಂದು ನೆಲಮಟ್ಟಕ್ಕೆ ಎದ್ದು ನಿಂತಿತ್ತು.

"ಸಾಕ್ಷಿ ಯಾಕ ಬಿಟ್ರೋ?" ಎಂದಳು ಹೆಂಡತಿ ಹನುಮವ್ವ.

ಎಷ್ಟು ಆಳ ಅಗೆದರೆಂದು ಸಾಹೇಬರು ಅಳೆಯಲಿ ಎಂದು ನಡುವೆ ಒಂದಿಷ್ಟು ನೆಲವನ್ನು ಮುಟ್ಟದೆ ಬಿಡುವುದು ಮಣ್ಣುಕೆಲಸದವರ ಪದ್ಧತಿ. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಅವಸರದ ಕೈಗೆ ಹೆಣದ ಗುಂಡಿಯೂ ಒಂದೇ, ಪೈಪಿನ ಗುಂಡಿಯೂ ಒಂದೇ. ಅಂದಿಗೆ ಮಾರ್ಚ್ ಮುಗಿಯುತ್ತಿತ್ತು. ಮುಂಬಯಿಯ ವಡಾಲದಲ್ಲಿ ಪೈಪು ಹೂಳುವ ಕೆಲಸ ಸಂಜೆಯೊಳಗೆ ಮುಗಿಯದಿದ್ದರೆ ಯೋಜನೆಯ ಹಣ ದಿಲ್ಲಿಗೆ ವಾಪಸು, ಆಮೇಲೆ ಕೂಲಿಯೂ ಇಲ್ಲ. ಮರೆಪ್ಪನ ಗ್ಯಾಂಗಿನವರು ಊಟದ ಬಿಡುವಿನಲ್ಲಿ ಓಡಿಬಂದು ಅಗೆದಿದ್ದರು. ಗಂಡನನ್ನು ಸುಡುವುದು ಬೇಡ, ನಮ್ಮವರ ಕೈಯಿಂದಲೇ ಮಣ್ಣಾಗಲಿ ಎಂಬುದೊಂದೇ ಹನುಮವ್ವನ ಹಟ.

"ಕೈ ರೂಢಿ, ಅಕ್ಕಾ," ಎಂದು ಗ್ಯಾಂಗಿನ ಹಿರಿಯ ಸಾಯಬಣ್ಣ ತಲೆ ಕೆರೆದುಕೊಂಡ.

ಸತ್ತವನ ಅಳತೆಗೆ ಯಾವ ಸಾಹೇಬ ಬರುತ್ತಾನೆ ಎಂದು ಆಂಟಾಪ್ ಹಿಲ್‌ನ ಹೋಟೆಲಿನ ಮೋನಪ್ಪ ಕೇಳಿದ. ಎಲ್ಲರಿಗೂ ನಗು ಬಂತು. ಹನುಮವ್ವನಿಗೂ ಬಂತು, ಅದೇ ಸಂಕಟ.

*

ಪಂಚವಾರ್ಷಿಕ ಯೋಜನೆ ನಿಂತುಹೋಗಿದ್ದ ವರ್ಷಗಳಲ್ಲಿ ಕೆಲಸವಿಲ್ಲದ ಮರೆಪ್ಪ ಮೋನಪ್ಪನ ಹೋಟೆಲಿನಲ್ಲಿ ಕುಳಿತು ದೇಶ ನಡೆಸುತ್ತಿದ್ದ.

"ಸರಕಾರ ಗುಂಡಿ ತೋಡಿಸಿದ್ರ ನಾ ಚಾ ಕುಡೀತೀನಿ. ನಾ ಕುಡದ್ರ ನೀ ಹಾಲ ತರಸ್ತಿ. ಹಾಲಿನಾಂವ ಎಮ್ಮಿಗೆ ಹಿಂಡಿ ತರ್ತಾನ. ಒಂದ ಗುಂಡಿಗೆ ಎಷ್ಟ ಒಲಿ ಹತ್ತತಾವ ನೋಡು."

ನಾಲ್ಕನೇ ಯೋಜನೆ ಬಂತು, ಗುಂಡಿಗಳು ಬಂದವು, ಹೋಟೆಲೂ ತುಂಬಿತು. ಮೋನಪ್ಪ ಚಹಾದ ದರ ಏರಿಸಿದ. ಮರೆಪ್ಪ ಕೆಂಡವಾದ.

"ನಿನ್ನ ಯೋಜನೆಯದ್ದೇ ಫಲ ಮಾರಾಯ. ಕುಡಿಯುವವರು ಜಾಸ್ತಿ, ಹಾಲು ಇದ್ದಷ್ಟೇ," ಎಂದ ಮೋನಪ್ಪ.

ಮರೆಪ್ಪ ಕೆಲವು ದಿನ ಅತ್ತ ಸುಳಿಯಲಿಲ್ಲ. ಆ ದಿನಗಳಲ್ಲಿ ದೇಶದ ವರಮಾನ ಕುಸಿಯಿತೆಂದು ಆಮೇಲೆ ತಾನೇ ಹೇಳಿಕೊಂಡು ತಿರುಗಿದ.

*

ಬಿಡುವು ಮುಗಿಯಿತೆಂದು ಕೆಲಸದ ಕಡೆಯಿಂದ ಮೇಸ್ತ್ರಿ ಮುಕಾದಮನ ಸೀಟಿ ಹೆಣದ ಗುಂಡಿಯವರೆಗೂ ಕೇಳಿಸಿತು. ಗ್ಯಾಂಗಿನವರು ಒಬ್ಬರ ಮುಖ ಒಬ್ಬರು ನೋಡಿದರು.

"ಹೋಗ್ರಿ," ಎಂದಳು ಹನುಮವ್ವ. "ಅಂವ ಇದ್ದಿದ್ರ ತಾನೂ ಓಡ್ತಿದ್ದ."

ಯಾರೂ ಕದಲಲಿಲ್ಲ. ಸಾಯಬಣ್ಣ ಗುಂಡಿಗಿಳಿದು ಗುದ್ದಲಿ ಹಾಕಿದ. ಸಾಕ್ಷಿ ಕುಸಿಯಿತು. ಹನುಮವ್ವ ಸೀರೆ ಎತ್ತಿ ಕಟ್ಟಿ ತಾನೂ ಇಳಿದಳು, ಮಣ್ಣನ್ನು ಬುಟ್ಟಿಗೆ ತುಂಬಿದಳು, ಬಟ್ಟೆಯ ಸಿಂಬಿ ಸುತ್ತಿ ಅದನ್ನು ತಲೆಯ ಮೇಲಿಟ್ಟುಕೊಂಡಳು. ಆಮೇಲೆ ಬುಟ್ಟಿ ಎತ್ತಿ ಹೊರಿಸಲಿ ಎಂದು, ದಿನವೂ ನಿಲ್ಲುವಂತೆ, ಗಂಡನ ಕಡೆ ತಿರುಗಿ ನಿಂತಳು.