ಕರಿಕಲ್ಲು ಕಪ್‌ನ ಕೊನೆಯ ಕುಳಿ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಏನೂ ಬೆಳೆಯದ ಒಂದು ಕಲ್ಲುದಿಣ್ಣೆಯನ್ನು ಸಮ ಮಾಡಿಸಿ ಗಾಲ್ಫ್ ಮೈದಾನ ಕಟ್ಟಿಸಿದವರು ಕ್ವಾರಿಯ ಯಜಮಾನರು. ಎಂಬತ್ತಾರನೆಯ ಇಸವಿಯ ಮಾತು. ಇಲ್ಲಿಯ ಕಪ್ಪು ಗ್ರಾನೈಟನ್ನು ಗೋರಿಕಲ್ಲಿಗೆಂದು ಕೊಳ್ಳಲು ಜಪಾನಿನವರು ಬರುತ್ತಿದ್ದರು. ಕಲ್ಲು ನೋಡಿ ಮುಗಿದ ಮೇಲೆ ಅವರಿಗೆ ಹೊತ್ತು ಹೋಗಬೇಕಿತ್ತು.

ಹುಲ್ಲು ಬೆಳೆಸಲು ನೀರಿರಲಿಲ್ಲ. ಆದ್ದರಿಂದ ಕುಳಿಗಳ ಸುತ್ತ ಹಸಿರಿನ ಬದಲು, ಮರಳಿಗೆ ಕಂಪ್ರೆಸರಿನ ಸುಟ್ಟ ಎಣ್ಣೆ ಬೆರೆಸಿ ಹಾಸಿದರು. ಅದರ ಮೇಲೆ ಚೆಂಡು ನೇರ ಉರುಳಬೇಕಾದರೆ ಹೆಜ್ಜೆಗುರುತುಗಳೆಲ್ಲ ಅಳಿಯಬೇಕು. ಆಟಗಾರ ಹೊಡೆಯುವ ಮುಂಚೆ ಅವನ ಕೋಲುಗಳ ಚೀಲ ಹೊರುವವನು ಚೆಂಡಿನಿಂದ ಕುಳಿಯವರೆಗೆ ಗೋಣಿತಾಟು ಎಳೆದು ದಾರಿ ನಯ ಮಾಡುವುದು ಅಲ್ಲಿಯ ರೂಢಿ. ಎಳೆಯದೆ ನಿಂತವನು ಬೈಸಿಕೊಳ್ಳುತ್ತಿದ್ದ.

ಪುಟ್ಟಮಾದಪ್ಪ ಆ ಕ್ವಾರಿಯಲ್ಲಿ ಕಲ್ಲು ಕೊರೆಯುತ್ತಿದ್ದವನು. ಜಪಾನಿನವರ ಚೀಲ ಹೊರಲು ಅವನನ್ನು ಕಳಿಸಿದರು. ಅವರು ಬಿಟ್ಟುಹೋದ ಹಳೆಯ ಕೋಲುಗಳಲ್ಲಿ ಸಂಜೆ ಹೊತ್ತು ಆಡುತ್ತ ಆಡುತ್ತ ಅವರಿಗಿಂತ ಚೆನ್ನಾಗಿ ಆಡಿದ. ಕಲ್ಲಿನ ಧೂಳು ಆಗಲೇ ಅವನ ಎದೆಗೆ ಇಳಿದಿತ್ತು. ಕ್ವಾರಿಗೆ ವಾಪಸು ಹೋಗುವುದಿಲ್ಲವೆಂದು ಹಟ ಹಿಡಿದ. ಅವನ ಹೆಂಡತಿ ಶಿವರತ್ನಮ್ಮನ ತಮ್ಮ ಬಿಳಿಗಿರಿ ಅವನ ಚೀಲ ಹೊತ್ತ.

ಯಜಮಾನರು ಎಂಬತ್ತೊಂಬತ್ತರಲ್ಲಿ ಶುರುಮಾಡಿದ ಕರಿಕಲ್ಲು ಕಪ್ ಮೊದಲು ವ್ಯಾಪಾರಿಗಳ ಮೋಜಾಗಿತ್ತು. ತೊಂಬತ್ತೈದರಲ್ಲಿ ಎರಡನೇ ದರ್ಜೆಯ ಟೂರಿನವರು ಅದನ್ನು ತಮ್ಮ ಪಂದ್ಯಗಳಿಗೆ ಸೇರಿಸಿಕೊಂಡರು. ದೊಡ್ಡ ಟೂರಿನಲ್ಲಿ ಜಾಗವಿಲ್ಲದ ವೃತ್ತಿ ಆಟಗಾರರು ಊರೂರು ಸುತ್ತಿ ಆಡುವ ಟೂರು ಅದು. ಕೊಳ್ಳೇಗಾಲದಲ್ಲಿ ಗೆದ್ದವನಿಗೆ ಒಂದು ವರ್ಷ ದೊಡ್ಡ ಟೂರಿನಲ್ಲಿ ಜಾಗ. ಪುಟ್ಟಮಾದಪ್ಪನಿಗೆ ಬೇಕಿದ್ದುದು ಆ ಒಂದು ವರ್ಷ. ಪ್ರತಿ ಸಲ ಹತ್ತಿರ ಬಂದು ಸೋತ. ಒಮ್ಮೆ ಮೂರನೆಯವನಾದ.

ಆಮೇಲೆ ಕಾಡಿನ ಕಡೆಯ ಅಪಹರಣದ ಸುದ್ದಿಗಳಿಗೆ ಹೆದರಿ ಹೊರಗಿನ ಆಟಗಾರರು ಬರುವುದು ಕಡಿಮೆಯಾಯಿತು. ಜಪಾನಿನವರೂ ಬರುವುದು ನಿಲ್ಲಿಸಿದರು. ಎಣ್ಣೆಮರಳಿನ ಮೇಲೆ ಇನ್ನು ಪಂದ್ಯ ನಡೆಸುವುದಿಲ್ಲ, ಹುಲ್ಲು ಹಾಸಿದರೆ ಮಾತ್ರ ಬರುತ್ತೇವೆ ಎಂದರು ಟೂರಿನವರು. ಯಜಮಾನರು ಬೆಂಗಳೂರಿನಿಂದ ಹುಲ್ಲು ತರಿಸಿ ಎಲ್ಲ ಕುಳಿಗಳ ಸುತ್ತಲೂ ಹಾಸಿಸಿದರು. ದಿನಾ ಟ್ಯಾಂಕರಿನಲ್ಲಿ ನೀರು ಬಂತು. ಬತ್ತಿದ ಕೊಳಾಯಿಯ ಮುಂದೆ ಬಿಂದಿಗೆ ಇಟ್ಟುಕೊಂಡು ಕೂತಿದ್ದ ಊರಿನ ಮುದುಕಿ ಚಿಕ್ಕಮಾದಮ್ಮ, ದಾರಿಯಲ್ಲಿ ಹೋಗುತ್ತಿದ್ದ ಪುಟ್ಟಮಾದಪ್ಪನನ್ನು ತಡೆದಳು.

"ನಿನ್ ಆಟದ ಉಲ್ಲಿಗೆ ಎರಡ್ ಟ್ಯಾಂಕರ್ರು. ನಾವೂ ಉಲ್ಲಾಗಿ ಉಟ್ಬೇಕಿತ್ತು ಕಣ್ಲಾ ಪುಟ್ಟಮಾದ. ಗೆದ್ದಾದ್ರೂ ಬಾ, ಎಲ್ರ ಬಾಯಿ ಒಣಗ್ಸಿದ್ದಕ್ಕೆ."

ಎರಡು ಸಾವಿರದ ಮೂರರ ಕಪ್ ಪಂದ್ಯ ಅಲ್ಲಿ ನಡೆದ ಕೊನೆಯದು. ಪುಟ್ಟಮಾದಪ್ಪನಿಗೆ ನಲವತ್ತು ದಾಟಿತ್ತು. ಕೊನೆಯ ದಿನ, ಕೊನೆಯ ಕುಳಿಗೆ ಬಂದಾಗ ಅವನು ಒಂದು ಹೊಡೆತ ಮುಂದಿದ್ದ; ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆಲ್ಲುವ ಆಟ ಅದು. ಹಿಂದಿದ್ದವನು ಕೊಯಮತ್ತೂರಿನ ಆಟಗಾರ. ಅವನ ಚೆಂಡು ಮರಳಿನ ಗುಂಡಿಗೆ ಬಿತ್ತು. ಅಲ್ಲಿಂದ ಎತ್ತಿ ಹೊಡೆದಾಗ ಚೆಂಡಿನ ಜೊತೆ ಒಂದು ಹಿಡಿ ಮರಳೂ ಹಾರಿ ಪುಟ್ಟಮಾದಪ್ಪನ ಚೆಂಡಿಗೂ ಕುಳಿಗೂ ನಡುವೆ ಹುಲ್ಲಿನ ಮೇಲೆ ಚೆಲ್ಲಿತು. ಕೊಯಮತ್ತೂರಿನವನು ಮುಗಿಸಿದ. ಈಗ ಪುಟ್ಟಮಾದಪ್ಪ ಈ ಒಂದು ಹೊಡೆತದಲ್ಲಿ ಚೆಂಡನ್ನು ಒಳಗೆ ಹಾಕಿದರೆ ಒಂದು ಹೊಡೆತದಿಂದ ಗೆದ್ದಂತೆ.

ಅವನು ದೂರ ನಿಂತು, ಕಣ್ಣು ಮುಚ್ಚಿ ಉಸಿರು ಸರಿಮಾಡಿಕೊಳ್ಳುತ್ತಿದ್ದ. ಬಿಳಿಗಿರಿ ಮರಳನ್ನು ನೋಡಿದ. ಹೆಗಲ ಮೇಲಿದ್ದ ಬಟ್ಟೆಯನ್ನು ಕೆಳಗಿಳಿಸಿ, ಬಗ್ಗಿ, ಚೆಂಡಿನಿಂದ ಕುಳಿಯವರೆಗೆ ಹಗುರವಾಗಿ ಒರೆಸಿದ. ಎಣ್ಣೆಮರಳಿನ ಮೇಲೆ ವರ್ಷಗಟ್ಟಲೆ ಮಾಡಿದ ಕೆಲಸ. ಕೈ ಯಾರನ್ನೂ ಕೇಳಲಿಲ್ಲ.

"ದಾರಿ ಆಯ್ತು ಬಾವ. ಒಡೀರಿ."

ಚೆಂಡು ಒಳಗೆ ಬಿತ್ತು. ಕ್ವಾರಿಯ ಜನ ಶಿಳ್ಳೆ ಹೊಡೆದರು. ಬಿಳಿಗಿರಿ ಭಾವನನ್ನು ಎತ್ತಿಕೊಂಡು ಸುತ್ತಿದ.

ಹೊಡೆತಗಳ ಲೆಕ್ಕ ಒಪ್ಪಿಸುವ ಶಾಮಿಯಾನದಲ್ಲಿ ಟೂರಿನ ರೆಫ್ರಿ ಕಾದಿದ್ದರು. ಮೃದು ಮಾತಿನ ಮನುಷ್ಯ.

"ಸಹಿ ಹಾಕೋಕೆ ಮುಂಚೆ ಕೇಳಿ. ನಿಮ್ಮ ಹುಡುಗ ದಾರೀನ ಬಟ್ಟೇಲಿ ಒರೆಸಿದ. ಎರಡು ಹೊಡೆತ ದಂಡ."

"ಮರ್ಳಿತ್ತು ಸಾ" ಎಂದ ಪುಟ್ಟಮಾದಪ್ಪ. "ಅದ್ನೂ ತೆಗೀಬಾರ್ದಾ?"

"ತೆಗೀಬಹುದು. ಕೈಯಲ್ಲಿ, ಇಲ್ಲ ಆಡೋ ಕೋಲಲ್ಲಿ. ಬಟ್ಟೇಲಿ ಅಲ್ಲ."

"ಬರೀ ಕೈಲಿ ಒರಸಿದ್ರೆ?"

"ತಪ್ಪಾಗ್ತಿರಲಿಲ್ಲ."

ಒಂದರಿಂದ ಗೆದ್ದವನು ಒಂದರಿಂದ ಸೋತ. ಕಪ್ ಕೊಯಮತ್ತೂರಿಗೆ ಹೋಯಿತು. ಶಾಮಿಯಾನದ ಹೊರಗೆ ಬಿಳಿಗಿರಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಪುಟ್ಟಮಾದಪ್ಪ ಅವನ ಹೆಗಲಿನಿಂದ ಚೀಲ ಕಿತ್ತುಕೊಂಡು, ತಾನೇ ಹೊತ್ತು ಬಸ್ಸಿಗೆ ನಡೆದ. ಅಂದಿನಿಂದ ಬಿಳಿಗಿರಿ ಅಕ್ಕನ ಮನೆಗೆ ಬರಲಿಲ್ಲ. ಕ್ವಾರಿಯ ಪಾಲಿಶ್ ಶೆಡ್ಡಿಗೆ ಸೇರಿಕೊಂಡ.

ಟೂರಿನವರು ಮತ್ತೆ ಬರುವುದಿಲ್ಲವೆಂದರು. ಟ್ಯಾಂಕರು ನಿಂತಿತು, ಹುಲ್ಲು ಒಣಗಿತು. ಪುಟ್ಟಮಾದಪ್ಪನನ್ನು ಮೈದಾನದ ವಾಚ್‌ಮನ್ ಮಾಡಿದರು. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ, ಬಿಟ್ಟುಹೋಗಿದ್ದ ಬಾವುಟ, ಹಗ್ಗಗಳನ್ನು ಒಯ್ಯಲು ಅದೇ ರೆಫ್ರಿ ಜೀಪಿನಲ್ಲಿ ಬಂದರು. ಹೊರಡುವಾಗ ನೆನಪಾದಂತೆ ಹೇಳಿದರು:

"ನಿಮಗೆ ಗೊತ್ತಾಯ್ತಾ? ನಿಯಮ ಬದಲಾಗಿದೆ. ಈಗ ಬಟ್ಟೇಲೂ ಒರೆಸಬಹುದು, ಒತ್ತದೆ ಇದ್ರೆ ಸಾಕು."

"ಯಾವತ್ತಿಂದ ಸಾ?"

"ಜನವರಿಯಿಂದ."

ಒಳ್ಳೆಯ ಸುದ್ದಿ ಕೊಟ್ಟವರ ಹಾಗೆ ಅವರು ಕೈ ಬೀಸಿ ಹೋದರು.

ಶಿವರತ್ನಮ್ಮ ಅದನ್ನು ಕೇಳಿ, ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಎದ್ದಳು. "ಈಗ್ಲಾದ್ರೂ ಓಗಿ ನನ್ ತಮ್ಮಂಗೆ ಏಳಿ. ಊಟಕ್ಕೆ ಕರ್ಕಂಡು ಬನ್ನಿ. ಸೋತಿದ್ದು ನೀವೊಬ್ರೇ ಅಲ್ಲ."

ಪುಟ್ಟಮಾದಪ್ಪ ಮರುದಿನ ಶೆಡ್ಡಿಗೆ ಹೋದ. ಬಿಳಿಗಿರಿ ಕರಿಕಲ್ಲಿನ ಹಲಗೆಯ ಮೇಲಿನ ಕೆಸರುನೀರನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. ಭಾವನನ್ನು ಕಂಡು ಮೆಷಿನ್ ನಿಲ್ಲಿಸಿದ. ಪುಟ್ಟಮಾದಪ್ಪ ರೆಫ್ರಿ ಹೇಳಿದ್ದನ್ನೆಲ್ಲ ಹೇಳಿದ.

ಬಿಳಿಗಿರಿಯ ಮುಖ ಮೆಲ್ಲಗೆ ಅರಳಿತು. ತಿಂಗಳುಗಳಿಂದ ಯಾರೋ ಅದುಮಿ ಹಿಡಿದಿದ್ದ ಕೈ ತೆಗೆದಂತಿತ್ತು.

"ಅಂಗಾರೆ ನಂದೇನೂ ತಪ್ಪಿರ್ನಿಲ್ಲ ಅನ್ನಿ ಬಾವ?"

ಹೂಂ ಎನ್ನಲೆಂದೇ ಪುಟ್ಟಮಾದಪ್ಪ ಬಸ್ಸು ಹತ್ತಿ ಬಂದಿದ್ದ. ಆದರೆ ಅವನೆದುರು ನಿಂತ ಮುಖ ಇಷ್ಟು ಬೇಗ ಹಗುರಾಯಿತು. ತನ್ನ ಸೋಲಿನ ಭಾರ ಯಾವ ನಿಯಮ ಬದಲಾದರೂ ಹಗುರಾಗುವಂತಿರಲಿಲ್ಲ.

"ಈಗ ಮಾಡಿದ್ರೆ ತಪ್ಪಲ್ಲ ಕಣ್ಲಾ" ಎಂದ. "ನೀನು ಆಗ ಮಾಡ್ದೆ."

ಬಿಳಿಗಿರಿ ಮತ್ತೆ ಮೆಷಿನ್ ಹಾಕಿದ. ಅದರ ಸದ್ದಿನಲ್ಲಿ ಇನ್ನೇನು ಹೇಳಿದರೂ ಕೇಳಿಸುತ್ತಿರಲಿಲ್ಲ. ಪುಟ್ಟಮಾದಪ್ಪ ಕೆಮ್ಮುತ್ತ ಹೊರಬಂದು ಹನೂರಿನ ಬಸ್ಸು ಹತ್ತಿದ. ಊಟದ ಮಾತು ಎತ್ತಿರಲಿಲ್ಲ. ಮನೆಯಲ್ಲಿ ಶಿವರತ್ನಮ್ಮ ಮೂರು ತಟ್ಟೆ ಇಟ್ಟಿದ್ದಳು.