ಗಿರಣಿ ಪೂನಮಳ ಮದುವೆ

ಮೇಘಾಳ ಕಾದಂಬರಿ ಎರಡು ಸಲ ಸತ್ತು, ಮೂರನೆಯ ಸಲ ಜೀವ ಹಿಡಿದದ್ದು ತಿಕೋಟಾದಿಂದ ವಿಜಯಪುರಕ್ಕೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ.

ಮೊದಲ ಸಲ ಅದು ಅವ್ವನ ಮುಂದೆ ಸತ್ತಿತು. ರುಕ್ಮವ್ವ ದಿನವೆಲ್ಲ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿ ಬಂದು ಗೋಡೆಗೆ ಒರಗಿದ್ದಳು. ಮಗಳು ಮೊದಲ ಅಧ್ಯಾಯ ಓದತೊಡಗಿದಳು. ಎರಡನೆಯ ಪುಟ ಮುಗಿಯುವುದರೊಳಗೆ ಅವ್ವನ ಗೊರಕೆಗೆ ಪಕ್ಕದ ಮನೆಯ ಆಡು ಎದ್ದು ಒದರಿತು. ಎರಡನೆಯ ಸಲ ಹಾಸ್ಟೆಲಿನ ಹಳೆಯ ಗೆಳತಿಯರಿಗೆ ಕಳಿಸಿದಳು. ಎಲ್ಲರೂ ‘ಭಾಳ ಚಂದ ಐತಿ’ ಅಂದರು. ಓದದೇ ಇದ್ದವರು ಹಾಗೆ ಅನ್ನುತ್ತಾರೆ ಎಂಬುದು ಮೇಘಾಳಿಗೆ ಗೊತ್ತಿತ್ತು. ಬೇರೆಯವರ ಬರಹಕ್ಕೆ ತಾನೂ ಹಾಗೇ ಅಂದವಳು.

ಆಮೇಲೆ ಬಸ್ಸು. ಮೇಘಾ ಜಲನಗರದ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಕಾದಂಬರಿ ಒಂದು ಕಡೆ ಸಿಕ್ಕಿಹಾಕಿಕೊಂಡಿತ್ತು. ನಾಯಕಿ ಪೂನಮ ಅಪ್ಪ ಸತ್ತ ಮೇಲೆ ಹಿಟ್ಟಿನ ಗಿರಣಿ ನಡೆಸುವವಳು. ಊರಿನ ಇನ್ನೊಂದು ಗಿರಣಿ ಕೆಟ್ಟಾಗ ಮಾತ್ರ ಮೇಲೋಣಿಯ ಮೇಲ್ಜಾತಿಯವರು ಅವಳ ಗಿರಣಿಗೆ ಬರುತ್ತಾರೆ. ಆದರೆ ಚೇತನಕುಮಾರ ಎಂಬ ಮಾಸ್ತರ ದಿನಾ ಜೋಳ ತರುತ್ತಾನೆ. ಅವನು ಉಣ್ಣುವುದು ಖಾನಾವಳಿಯಲ್ಲಿ. ಹಾಗಾದರೆ ಜೋಳ ಯಾಕೆ ತರುತ್ತಾನೆ, ಬೀಸಿದ ಹಿಟ್ಟು ಏನು ಮಾಡುತ್ತಾನೆ? ಮೂರು ವಾರ ತಲೆ ಕೆಡಿಸಿಕೊಂಡು ಕೊನೆಗೆ ಒಂದು ಮುಂಜಾನೆ ಪಕ್ಕದಲ್ಲಿ ಕೂತ ಹೊಳೆವ್ವಳನ್ನು ಕೇಳಿಯೇ ಬಿಟ್ಟಳು. ಹೊಳೆವ್ವ ಅರಕೇರಿಯವಳು. ಈಚೆಗೆ ತಿಕೋಟಾದ ಮಗಳ ಮನೆಗೆ ಬಂದಿದ್ದು, ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದಳು.

“ಅತ್ತಿ, ಖಾನಾವಳ್ಯಾಗ ಉಣ್ಣಾವ ಒಬ್ಬಾವ ದಿನಾ ಜ್ವಾಳಾ ಬೀಸಸಾಕ ಬರ್ತಾನಂದ್ರ ಯಾಕ ಇರಬೇಕು?”

“ಯಾವಾಕಿನ್ನ ನೋಡಾಕ ಬರ್ತಾನವ?” ಅಂದಳು ಹೊಳೆವ್ವ ಕಣ್ಣು ಕೂಡ ಮಿಟುಕಿಸದೆ.

ಮುಂದಿನ ಸೀಟಿನಲ್ಲಿ ಎರಡು ತಲೆಗಳು ಹೊರಳಿದವು. ಒಬ್ಬಳು ಮುರಿಗೆವ್ವ, ಹಾಸ್ಟೆಲೊಂದರಲ್ಲಿ ಅಡುಗೆಯವಳು. ಇನ್ನೊಬ್ಬಳು ಮಾಬುಬಿ, ಜೋರಾಪುರ ಪೇಟೆಯ ಟೇಲರ್ ಅಂಗಡಿಯಲ್ಲಿ ಜಂಪರು ಹೊಲಿಯುವವಳು.

“ಎಲ್ಲೆ ಅದು?” ಅಂದಳು ಮುರಿಗೆವ್ವ.

ಕಾದಂಬರಿಯಲ್ಲಿ ಅನ್ನಲು ಮೇಘಾ ಬಾಯಿ ತೆರೆದಳು. ಹೊರಗೆ ಬಂದದ್ದು ಬೇರೆ. “ಬಬಲೇಶ್ವರದಾಗ್ರಿ. ನಮ್ಮ ದೊಡ್ಡಪ್ಪನ ಮಗಳ ಗಿರಣಿ.”

“ಬೀಸಿದ ಹಿಟ್ಟ ಏನ ಮಾಡ್ತಾನ ಹಂಗಾರ?” ಅಂದಳು ಮಾಬುಬಿ.

“ಏನ ಮಾಡ್ತಾನ? ಖಾನಾವಳಿಯವಂಗ ಕೊಡ್ತಾನ. ಆಕಿ ಬೀಸಿದ ಹಿಟ್ಟಿನ ರೊಟ್ಟಿನ ತಿಂತಾನ,” ಅಂದಳು ಮುರಿಗೆವ್ವ. “ಅಷ್ಟ ತಿಳಿಯಂಗಿಲ್ಲೇನ ನಿನಗ?”

ತಿಳಿದಿರಲಿಲ್ಲ. ಮೂರು ವಾರ ತಿಳಿದಿರಲಿಲ್ಲ. ಆ ಸಂಜೆ ಮೇಘಾ ಒಂದೇ ಪಟ್ಟಿಗೆ ಏಳನೆಯ ಅಧ್ಯಾಯ ಬರೆದು ಮುಗಿಸಿ, ಅಂಗಳದಲ್ಲಿ ಸುಮ್ಮನೆ ಒಂದು ಸುತ್ತು ಓಡಿ ಬಂದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಮುಂಜಾನೆ ಬಸ್ಸಿನಲ್ಲಿ ಹೇಳುವುದು, ಸಂಜೆ ಮನೆಯಲ್ಲಿ ಬರೆಯುವುದು. ಹೊಳೆವ್ವ ಎಲೆಅಡಿಕೆಯ ಚೀಲ ಬಿಚ್ಚಿದಳೆಂದರೆ ಆ ಭಾಗ ಸತ್ತಂತೆ. ಮೇಘಾ ಅದನ್ನು ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಕಂಡಕ್ಟರ್ ಪ್ರಲ್ಹಾದ ಹೆಣ್ಣುಮಕ್ಕಳ ಪುಕ್ಕಟೆ ಚೀಟಿ ಹರಿಯುವುದನ್ನು ಮರೆತು ಕಂಬಿ ಹಿಡಿದು ನಿಂತನೆಂದರೆ ಆ ಮಾತನ್ನು ಹಾಗ್ಹಾಗೇ ಇಳಿಸಿಕೊಳ್ಳುತ್ತಿದ್ದಳು. ಹಾಸ್ಟೆಲ್ ಲೈಬ್ರರಿಯ ಕಬ್ಬಿಣದ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ಅವಳು ಓದಿ ಮುಗಿಸಿದ್ದಳು. ಓದುವವರು ಯಾವ ಸಾಲಿಗೆ ಕಿಟಕಿಯಾಚೆ ನೋಡುತ್ತಾರೆ ಎಂಬುದನ್ನು ಅವುಗಳಲ್ಲಿ ಒಂದೂ ಹೇಳಿರಲಿಲ್ಲ. ಈ ಮೂವರ ಮುಖ ನೋಡದೆ ಒಂದು ಸಾಲೂ ಬರೆಯಲಾಗದ ಸ್ಥಿತಿಗೆ ಬಂದಿದ್ದಳು. ಬಂದದ್ದಕ್ಕೆ ಬೇಸರವೂ ಇರಲಿಲ್ಲ.

ಕೊನೆಯ ಅಧ್ಯಾಯವನ್ನು ಮಾತ್ರ ಅವಳು ಮೊದಲೇ ಗಟ್ಟಿ ಮಾಡಿಕೊಂಡಿದ್ದಳು. ಚೇತನಕುಮಾರ ವರದಕ್ಷಿಣೆ ತೆಗೆದುಕೊಂಡು ಬೇರೆಯವಳನ್ನು ಕಟ್ಟಿಕೊಳ್ಳುತ್ತಾನೆ. ಪೂನಮ ಮರುದಿನ ಗಿರಣಿ ಶುರು ಮಾಡುತ್ತಾಳೆ. ಮುಗಿಯಿತು. ಬದುಕು ಇರುವುದೇ ಹಾಗೆ, ಸಿಹಿ ಬೇಕಾದವರು ಜಿಲೇಬಿ ತಿನ್ನಲಿ ಎಂಬುದು ಅವಳ ವಾದ. ಯುಗಾದಿಯೊಳಗೆ ಕೊಟ್ಟರೆ ಈ ವರ್ಷವೇ ಅಚ್ಚು, ಇಲ್ಲದಿದ್ದರೆ ಮುಂದಿನ ಮಾತು ಮುಂದೆ ಎಂದು ಧಾರವಾಡದ ಪ್ರಕಾಶಕರು ಹೇಳಿದ್ದರು.

ಆ ಶುಕ್ರವಾರ ಅವಳು ಬಸ್ಸಿನಲ್ಲಿ, ಚೇತನಕುಮಾರ ಜಮಖಂಡಿಗೆ ಹೆಣ್ಣು ನೋಡಲು ಹೋದ ಎಂದು ಹೇಳಿದಳು.

ಬಸ್ಸು ಎದ್ದು ಕೂತಿತು.

“ಅವನ ಹೆಣಾ ಎತ್ತಲಿ!” ಅಂದಳು ಮಾಬುಬಿ. “ಇಷ್ಟ ದಿನ ಆಕಿ ಹಿಟ್ಟ ತಿಂದು!”

“ಆಕಿ ಏನ ಮಾಡಾಕತ್ಯಾಳ ಈಗ?” ಅಂದಳು ಹೊಳೆವ್ವ.

“ಜ್ವಾಳಾ ಬೀಸಾಕತ್ಯಾಳ್ರಿ, ಮತ್ತೇನ ಮಾಡ್ತಾಳ?”

ಹೊಳೆವ್ವ ಎಲೆಅಡಿಕೆಯ ಚೀಲಕ್ಕೆ ಕೈ ಹಾಕಲಿಲ್ಲ. ಮೇಘಾ ತೇಲಿಕೊಂಡು ಲ್ಯಾಬಿಗೆ ಹೋದಳು. ಅವಳ ಕುಣಿತ ನೋಡಿ, ಉಪವಾಸವಿದ್ದು ಸಕ್ಕರೆ ಪರೀಕ್ಷೆಗೆ ಬಂದ ಅಜ್ಜನೊಬ್ಬ “ನಿನ್ನ ಮದುವಿ ಗಟ್ಟಿ ಆಗೇತೇನ ಯವ್ವಾ?” ಎಂದು ಕೇಳಿದ.

ರವಿವಾರ ಅವಳು ಬಟ್ಟೆ ಒಗೆಯುತ್ತಿದ್ದಾಗ ಫೋನ್ ಬಂತು. ಹೊಳೆವ್ವ.

“ಲೇ ಮೇಘಾ, ಬಬಲೇಶ್ವರ ಬಸ್ ಸ್ಟ್ಯಾಂಡಿನ್ಯಾಗ ಅದೀವಿ. ಗಿರಣಿ ಯಾ ಓಣ್ಯಾಗೈತಿ?”

“ಯಾ ಗಿರಣಿ ಅತ್ತಿ?”

“ಯಾ ಗಿರಣಿ ಅಂತ ಕೇಳ್ತಿಯಲ್ಲ! ಪೂನಮನ ಗಿರಣಿ. ನಮ್ಮ ತಮ್ಮನ ಮಗ ಪರಮೇಶ್ವರನ್ನ ಕರಕೊಂಡ ಬಂದೇವಿ. ಮೋಟಾರ ರಿಪೇರಿ ಮಾಡ್ತಾನ, ಕುಡಿಯಂಗಿಲ್ಲ, ನಮ್ಮ ಮಂದಿನ. ಆ ಮಾಸ್ತರ ಇವನ ಕಾಲಾಗಿನ ಕೆರಕ್ಕ ಬಾಳಂಗಿಲ್ಲ. ಕುಬಸದ ಅರಬಿ, ಟೆಂಗಿನಕಾಯಿ ಎಲ್ಲಾ ತಂದೇವಿ. ನೀನೂ ಬಾ.”

ಮೇಘಾ ಸೋಪಿನ ಕೈಯಲ್ಲೇ ಓಡಿದಳು. ಬಾಗಿಲಲ್ಲಿ ಅಪ್ಪ ಧೂಳಪ್ಪ ಕೂತಿದ್ದ.

“ಎಲ್ಲಿಗೆ ಹೊಂಟಿ?”

“ಬಬಲೇಶ್ವರಕ್ಕ. ದೊಡ್ಡಪ್ಪನ ಮಗಳಿಗೆ ಗಂಡ ಬಂದೈತಿ.”

“ನಿನಗ ದೊಡ್ಡಪ್ಪನ ಇಲ್ಲಲ್ಲ.”

“ಅದ ತ್ರಾಸ ಆಗೇತಿ ಯಪ್ಪಾ!”

ಟಂಟಂ ರಿಕ್ಷಾದಲ್ಲಿ ಕೂತ ಮೇಲೆ ಅವಳಿಗೆ ಹೆದರಿಕೆಯಾಗಬೇಕಿತ್ತು; ಆಯಿತು ಕೂಡ. ಆದರೆ ತಲೆಯ ಇನ್ನೊಂದು ಮೂಲೆ ನಾಚಿಕೆಯಿಲ್ಲದೆ ಕುಣಿಯುತ್ತಿತ್ತು. ಯಾರ ಕಾದಂಬರಿಯ ನಾಯಕಿಗೆ ಯಾರು ಕುಬಸದ ಬಟ್ಟೆ ಹಿಡಿದುಕೊಂಡು ಬಸ್ಸು ಹತ್ತಿದ್ದಾರೆ? ಪೂನಮ ಬಾಗಿಲು ತೆರೆದರೆ ಯಾವ ಸೀರೆಯಲ್ಲಿರುತ್ತಾಳೆ? ಮಂದಿಯ ಮುಂದೆ ಕೂಡಲು ಹಿಟ್ಟು ಕೊಡವಿಕೊಂಡು ಬರುತ್ತಾಳೋ ಹಾಗೇ ಬರುತ್ತಾಳೋ?

ಬಬಲೇಶ್ವರದ ಚಹಾ ಅಂಗಡಿಯ ಕಟ್ಟೆಯ ಮೇಲೆ ಮೂವರೂ ಮುಖ ಊದಿಸಿಕೊಂಡು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಪರಮೇಶ್ವರ, ಅಂಗಿಗೆ ಎಣ್ಣೆ ತಾಗದಂತೆ ಕತ್ತು ಮುಂದೆ ಚಾಚಿ ಮೆಣಸಿನಕಾಯಿ ಭಜಿ ತಿನ್ನುತ್ತಿದ್ದ.

“ಬಾರವ್ವ ಬಾ,” ಅಂದಳು ಹೊಳೆವ್ವ. “ಮದುವಿ ಮುಗಿಸಿ ಬಸ್ನ್ಯಾಗ ಇನ್ನೂ ಹೆಣ್ಣ ನೋಡಾಕ ಹೋಗ್ಯಾನ ಅಂತ ಹೇಳ್ತಿ?”

“ಯಾರ ಮದುವಿ?”

ನಡೆದದ್ದು ಇಷ್ಟು. ಅವರು ಪಾನ್ ಅಂಗಡಿಯವನನ್ನು ಕೇಳಿದರು. ಆ ಕಡೆ ವಿಳಾಸ ಕೇಳಿದವರಿಗೆ ಗೊತ್ತಿಲ್ಲ ಅನ್ನುವುದು ಮನೆಗೆ ಬಂದವರಿಗೆ ನೀರು ಕೊಡದಷ್ಟು ಅಪಮಾನ. “ಗಿರಣಿ ಪೂನಮ? ಹಾಂ ಹಾಂ, ಮುಂದ ಹೋಗಿ ಎಡಕ್ಕ,” ಅಂದ ಅವನು. ಎಡಕ್ಕೆ ಹೋದರೆ ಒಬ್ಬ ಮುದುಕ, ಅವಳು ಗಿರಣಿ ಮಾರಲು ಹೊರಟಿದ್ದಾಳೆ ಅಂದ. ಯಾಕೆ ಮಾರುತ್ತಾಳೆ ಎಂದು ಮಾಬುಬಿ ಇಡೀ ಕತೆ ಬಿಚ್ಚಿ, ಮಾಸ್ತರನ ಹೆಸರು ಹೇಳಿ, ನಳದ ಹತ್ತಿರದ ಹೆಂಗಸನ್ನು ಕೇಳಿದಳು. “ಆ ಮಾಸ್ತರನ ಕೂಡ ಮೊನ್ನಿನ ಮದುವಿ ಆತಲ್ರಿ! ನಾನೂ ಹೋಗಿದ್ನಿ. ಊಟಾ ಚಲೋ ಇತ್ತು, ಸಾರ ಅಷ್ಟ ಖಾರ,” ಅಂದಳು ಅವಳು.

“ಒಂದ ಮಾತ ಕರೀಬೇಕಿಲ್ಲ?” ಅಂದಳು ಮುರಿಗೆವ್ವ. “ನಾ ಬಂದು ಅಡಗಿನರ ಮಾಡ್ತಿದ್ನಿ. ಸಾರ ಖಾರ ಆಕ್ಕಿರಲಿಲ್ಲ.”

ಮೇಘಾ ಉಸಿರು ಎಳೆದುಕೊಂಡಳು. “ಪೂನಮ ಅನ್ನಾಕಿ ಇಲ್ರಿ. ನಾ ಒಂದ ಕಾದಂಬರಿ ಬರಿಯಾಕತ್ತೇನಿ. ಆಕಿ, ಮಾಸ್ತರ, ಗಿರಣಿ, ಎಲ್ಲಾ ನನ್ನ ತಲ್ಯಾಗಿಂದ ಬಂದದ್ದು.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ತಲ್ಯಾಗಿಂದ ಬಂದಾಕಿ ಮದುವ್ಯಾಗ ಸಾರ ಖಾರ ಇತ್ತೇನ?” ಅಂದಳು ಮಾಬುಬಿ.

“ಊಟಕ್ಕ ಕರದಿಲ್ಲಂತ ಮಾರಿ ತೋರಸಾಕ ಆಗವಲ್ದು. ಅದಕ್ಕ ಅಕ್ಕನ್ನ ಇಲ್ಲ ಅನ್ನಾಕತ್ಯಾಳ,” ಅಂದಳು ಹೊಳೆವ್ವ. “ಎಂಥಾ ಹುಡಗಿ ನೀ!”

ಚಹಾ ಅಂಗಡಿಯವನು ಒಳಗಿಂದಲೇ ಸಾಕ್ಷಿ ಹೇಳಿದ. “ಇಲ್ಲ ಅಂತ ಹೆಂಗಂತಿ ತಂಗಿ? ನಮ್ಮ ಹಿಟ್ಟ ಅಲ್ಲೇ ಬೀಸಸ್ತಿದ್ವಿ. ಬೆಲ್ಟ ಹರದಾಗೆಲ್ಲ ಮಂದಿ ಮುಂದ ನಕ್ಕೋಂತನ ಹಚ್ಚತಿದ್ಲು. ಮಂದಿ ಹೋದಮ್ಯಾಲ ಬೈತಿದ್ಲು.”

ಮೇಘಾ ಅವನನ್ನೇ ನೋಡಿದಳು. ಮೂರು ವರ್ಷ ಗಿರಣಿಯ ಬಗ್ಗೆ ಬರೆದಿದ್ದಳು, ಒಂದು ಸಲವೂ ಬೆಲ್ಟು ಹರಿದಿರಲಿಲ್ಲ. ಹಸೀ ಸುಳ್ಳ ಈ ಮನುಷ್ಯ! ‘ಏನಂತ ಬೈತಿದ್ಲು?’ ಎಂದು ಕೇಳದಿರಲು ಅವಳು ತುಟಿ ಕಚ್ಚಿಕೊಳ್ಳಬೇಕಾಯಿತು.

ಸೋಮವಾರ ಬಸ್ಸಿನಲ್ಲಿ ಅವಳ ಜಾಗದಲ್ಲಿ ಹೊಳೆವ್ವಳ ಚೀಲ ಕೂತಿತ್ತು.

“ಬ್ಯಾರೆ ಕಡೆ ಕೂಡ್ರಿ ಮೇಡಮ್ಮಾರ,” ಅಂದಳು ಹೊಳೆವ್ವ. ಬೈದಿದ್ದರೆ ಮೇಘಾ ತಡೆದುಕೊಳ್ಳುತ್ತಿದ್ದಳು. ಆ ‘ರಿ’ಯನ್ನು ತಡೆದುಕೊಳ್ಳಲಾಗಲಿಲ್ಲ.

ಪ್ರಲ್ಹಾದ ಕೂಡ ಚೀಟಿಯನ್ನು ತುದಿಬೆರಳಲ್ಲಿ ಹಿಡಿದು ಕೊಟ್ಟ. “ನಂಗರ ಒಂದ ಮಾತ ಹೇಳಬೇಕಿತ್ತು. ರಜಾ ಹಾಕ್ತಿದ್ನಿ.”

ವಾರವೆಲ್ಲ ಅದೇ ಹಾಡು. ಮೇಘಾ ಮನೆಯಲ್ಲಿ ಕೂತು ತಾನು ಗಟ್ಟಿ ಮಾಡಿಕೊಂಡಿದ್ದ ಕೊನೆಯನ್ನು ಬರೆದಳು. ಚೇತನಕುಮಾರ ಹೋದ, ಪೂನಮ ಗಿರಣಿಯ ಗುಂಡಿ ಒತ್ತಿದಳು. ಓದಿ ನೋಡಿದಳು. ಗಿರಣಿ ಸಪ್ಪಳವನ್ನೇ ಮಾಡಲಿಲ್ಲ. ಖರೆ ಇದ್ದದ್ದು ಖರೆಯಾಗಿಯೇ ಇತ್ತು, ಬಾಯಿಗಿಟ್ಟರೆ ಮಾತ್ರ ಹಳಸಿದ ವಾಸನೆ. ಯುಗಾದಿ ಹತ್ತಿರ ಬರುತ್ತಿತ್ತು. ಈ ಸಲ ಸತ್ತರೆ ಎಬ್ಬಿಸಲು ಇನ್ನೊಂದು ಬಸ್ಸಿಲ್ಲ.

ಕ್ಷಮೆ ಕೇಳಲೇ ಎಂದು ಯೋಚಿಸಿದಳು. ಯಾವುದಕ್ಕೆ? ಖರೆ ಹೇಳಿದ್ದಾಗಿತ್ತು, ಚಹಾ ಅಂಗಡಿಯ ಮುಂದೆ, ಹಾಡಾಹಗಲು. ನಂಬದಿದ್ದರೆ ಅವಳೇನು ಮಾಡಬೇಕು? ಬೇಕಾಗಿದ್ದದ್ದು ಕ್ಷಮೆಯಲ್ಲ, ಆ ಮೂರು ಮುಖ ಹಿಂದಕ್ಕೆ ಹೊರಳುವುದು.

ಮರುದಿನ ಅವಳು ಬಸ್ಸು ಹತ್ತಿ, ಎಲ್ಲೂ ಕೂಡದೆ, ನಡುವೆ ಕಂಬಿ ಹಿಡಿದು ನಿಂತಳು. ಪ್ರಲ್ಹಾದ ಹತ್ತಿರ ಬಂದಾಗ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು.

“ಪೂನಮನ ಮದುವಿ ಮುರೀತ್ರಿ.”

ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿದ.

ಹೊಳೆವ್ವ ಕಿಟಕಿಗೆ ಕೇಳಿದಳು, “ಊಟಾ ಮಾಡಿದ್ನಿ ಅಂದ್ಲಲ್ಲ ನಳದಾಕಿ?”

“ಊಟಾ ಮೊದಲ ಆತ್ರಿ, ಹೊತ್ತಾಗಿತ್ತಂತ. ಉಂಡು ಮನಿಗಿ ಹೋದಾಕಿಗೆ ಏನ ಗೊತ್ತು? ಬುದ್ಧ ವಂದನಾ ಮುಗದು ಇನ್ನೇನ ಹೂವ ಹಾಕಬೇಕು, ಅಷ್ಟರಾಗ ಮುರೀತು.”

“ಯಾಕ?” ಅಂದರು ಮೂವರೂ ಒಟ್ಟಿಗೆ.

ಯಾಕೆ ಎಂದು ಮೇಘಾಳಿಗೆ ಗೊತ್ತಿರಲಿಲ್ಲ. ಕಾಲ ಕೆಳಗೆ ಬಸ್ಸು ಓಡುತ್ತಿತ್ತು, ಮುಂದಿನ ಮಾತು ಎಲ್ಲೂ ಇರಲಿಲ್ಲ. ಇಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ.

“ಅಂವ ಆಕಿ ಕಿವ್ಯಾಗ ಒಂದ ಮಾತ ಅಂದ,” ಅಂದಳು, ಕಾಲ ತಳ್ಳಲು.

“ಗಿರಣಿ ಮಾರು ಅಂದಿರಬೇಕು,” ಅಂದಳು ಮಾಬುಬಿ.

“ಅಷ್ಟಕ್ಕ ಮದುವಿ ಮುರಿಯಂಗಿಲ್ಲ ತಗಿ,” ಅಂದಳು ಮುರಿಗೆವ್ವ. “ಸಿಟ್ಟ ಬರತೈತಿ ಖರೆ. ಆಮ್ಯಾಲ ನೋಡೂಣು ಅಂತ ಸುಮ್ನಾಗ್ತಾರ.”

“ದೊಡ್ಡ ಮಾತಿಗೆ ಯಾರೂ ಮುರಿಯಂಗಿಲ್ಲ,” ಅಂದಳು ಹೊಳೆವ್ವ. ಈಗ ಅವಳು ಪೂರ್ತಿ ಈ ಕಡೆ ತಿರುಗಿದ್ದಳು. “ಸಣ್ಣದ ಏನರ ಅಂದಿರ್ತಾನ. ಏನಂದ ಲೇ?”

ಬೇರೆಯವರು ಕೇಳಿದಾಗಲೇ ಮೇಘಾಳಿಗೂ ಅದು ಕೇಳಿಸಿತು. ತನ್ನದೇ ಬಾಯಿಂದ.

“‘ಕಿವ್ಯಾಗ ಹಿಟ್ಟ ಐತಿ, ಒರಸ್ಕೊ. ಮಂದಿ ನೋಡ್ತಾರ’ ಅಂದ.”

ಯಾವುದೋ ಸ್ಟಾಪು ಬಂತು, ಹೋಯಿತು. ಇಳಿಯಬೇಕಾದವರೂ ಇಳಿಯಲಿಲ್ಲ, ಪ್ರಲ್ಹಾದ ಸೀಟಿ ಊದಲಿಲ್ಲ.

“ಅದ ಹಿಟ್ಟ ತಿಂದ ಬದಕಿದಾವ!” ಅಂದಳು ಮುರಿಗೆವ್ವ ಮೆಲ್ಲಗೆ.

“ಆಕಿ ಏನ ಮಾಡಿದ್ಲು?” ಅಂದಳು ಹೊಳೆವ್ವ.

“ಹಾರ ಕೆಳಗಿಟ್ಟು ಎದ್ಲರಿ.”

ಬಸ್ಸು ಒಡೆದು ಹೋಯಿತು. ಸರಿ ಮಾಡಿದಳು ಎಂದು ಮುಂದಿನ ಸೀಟುಗಳು, ತಲೆ ಕೆಟ್ಟೈತಿ ಆಕಿಗೆ ಎಂದು ಹಿಂದಿನವು. “ಇಷ್ಟಕ್ಕ ಮದುವಿ ಮುರೀತಾರೇನ್ರಿ?” ಎಂದು ಹಿಂದಿನಿಂದ ಒಬ್ಬ ಗಂಡಸು ಕೂಗಿದ. “ನಿಮ್ಮ ಮನ್ಯಾಗ ಹೋಗಿ ಕೇಳ್ರಿ, ಯಾಕ ಮುರೀಲಿಲ್ಲಂತ ಹೇಳ್ತಾರ,” ಅಂದಳು ಮಾಬುಬಿ. ಗಂಡಸು ಪೇಪರ್ ಬಿಚ್ಚಿದ. ಹೊಳೆವ್ವ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಮೇಘಾಳ ರಟ್ಟೆ ಹಿಡಿದು ಎಳೆದು ಕೂಡಿಸಿದಳು.

“ನಮ್ಮ ಪರಮೇಶ್ವರ ಇನ್ನೂ ಹಂಗ ಅದಾನ ಅಂತ ಹೇಳ ಆಕಿಗೆ.”

“ಹೇಳ್ತೇನಿ. ಆದ್ರ ಈಗ ಆಕಿ ಸಿಟ್ನ್ಯಾಗ ಅದಾಳತ್ತಿ.”

“ಇರಲಿ. ಅವಸರಿಲ್ಲ.”

ಜಲನಗರ ಹಿಂದೆ ಹೋಯಿತು. ಮೇಘಾ ನೋಡಲೇ ಇಲ್ಲ. ಹಾರ ಕೆಳಗಿಟ್ಟಳೋ, ಬೀಸಿ ಒಗೆದಳೋ? ಕೆಳಗಿಟ್ಟಳು, ಒಗೆಯುವುದು ನಾಟಕದಲ್ಲಿ. ಕಿವಿ ಒರೆಸಿಕೊಂಡಳೋ? ಇಲ್ಲ. ಇಲ್ಲವೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಲ್ಯಾಬಿಗೆ ಅರ್ಧ ತಾಸು ತಡವಾಗಿತ್ತು. ಹಿಂದೆ ಇನ್ನೂ ಜಗಳ ನಡೆದಿತ್ತು.

“ಲೇ ಮೇಘಾ!” ಹೊಳೆವ್ವ ಕಿಟಕಿಯಿಂದ ತಲೆ ಹಾಕಿದಳು. “ಆಕಿ ಆಮ್ಯಾಲ ಊಟಾ ಮಾಡಿದ್ಲೋ, ಹಂಗ ಉಪಾಸ ಮಲಗಿದ್ಲೋ?”

“ನಾಳಿ ಹೇಳ್ತೇನಿ!”

ಮೇಘಾ ಜಲನಗರದ ಕಡೆ ಅರ್ಧ ನಡೆದು ಅರ್ಧ ಓಡುತ್ತ ಹೊರಟಳು. ಆಟೋದವನೊಬ್ಬ ನಿಧಾನಿಸಿ, ತನ್ನಷ್ಟಕ್ಕೆ ನಗುತ್ತಿದ್ದ ಅವಳನ್ನು ನೋಡಿ, ಮನಸ್ಸು ಬದಲಿಸಿ ಮುಂದೆ ಹೋದ. ಊಟ ಮಾಡಿದಳು ಅಂದುಕೊಂಡಳು ಮೇಘಾ. ಮಾಡದೇ ಏನು? ಅಷ್ಟೆಲ್ಲ ಅಡುಗೆ ಮಾಡಿಸಿದವಳೇ ಅವಳು. ಮಂದಿ ನೋಡುತ್ತಿದ್ದಂತೆ ಪಂಕ್ತಿಯಲ್ಲಿ ಕೂತು, ಎರಡು ಸಲ ಬಡಿಸಿಕೊಂಡು ಉಂಡಳು.